ಎರಡನೇ ಮುದ್ರಣಕ್ಕಾದರೂ ತಿದ್ದಿ ಕೊಡಿ

ಇವರಿಗೆ,
ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆಯ ಹಿರಿಯರು,
ಮತ್ತು ಹಳೆಯ ಆಟಗಳನ್ನು ಹೊಸ ಯಂತ್ರಗಳಿಗೆ ತಂದು ಮಾರುವ ಎಲ್ಲರು

ಮಾನ್ಯರೇ,

ನಮಸ್ಕಾರ. ನಾನು ಹಾಸನದಲ್ಲಿ ಒಂದು ಚಿಕ್ಕ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ವರ್ಷಕ್ಕೆ ಎರಡೋ ಮೂರೋ ಸ್ಮರಣ ಸಂಚಿಕೆ, ಇಷ್ಟೇ ನನ್ನ ಕೆಲಸ. ನಿಮಗೂ ನನಗೂ ಇರುವ ವ್ಯವಹಾರ ಒಂದೇ. ನಿಮ್ಮ ಕೈಯಲ್ಲಿರುವ ಒಂದು ಆಟವನ್ನು ನಾನು 2006ರಿಂದ ಆಡುತ್ತಿದ್ದೇನೆ. ಒಂದೆರಡು ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ, ಅಂಗಡಿಯಲ್ಲಿ ಕೆಲಸ ಕಡಿಮೆ ಇದ್ದಾಗ ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಆಟದ ಹೆಸರು ‘ಸ್ಟಾರ್ ವಾರ್ಸ್: ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2 – ದಿ ಸಿತ್ ಲಾರ್ಡ್ಸ್’. ಇಷ್ಟುದ್ದ ಹೇಳುವ ಅಭ್ಯಾಸ ಯಾರಿಗೂ ಇಲ್ಲ. ಆಡುವವರು ‘ಕೋಟಾರ್ 2’ ಅಂತಾರೆ. ನಾನೂ ಹಾಗೇ ಬರೆಯುತ್ತೇನೆ.

ಪತ್ರ ಕನ್ನಡದಲ್ಲಿದೆ. ನಿಮ್ಮಲ್ಲಿ ಯಾರೂ ಇದನ್ನು ನೇರವಾಗಿ ಓದಲಿಕ್ಕಿಲ್ಲ ಅಂತ ಗೊತ್ತು. ದಯವಿಟ್ಟು ಯಾರ ಕೈಲಾದರೂ ಓದಿಸಿಕೊಳ್ಳಿ. ನಿಮ್ಮ ಇಂಗ್ಲಿಷನ್ನು ನಾನು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಿದ್ದೇನೆ. ಒಂದು ಸಲ ನೀವೂ ಸ್ವಲ್ಪ ಕಷ್ಟಪಡಿ, ಅಲ್ವಾ?

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. 2006ರಲ್ಲಿ ನಾನು ಆಡಿದ್ದು ಕಳ್ಳ ಸಿಡಿ. ಬೆಂಗಳೂರಿನಿಂದ ಬರುವಾಗ ದೊಡ್ಡಪ್ಪನ ಮಗ ತಂದುಕೊಟ್ಟ. ಬಿಳಿ ಸಿಡಿಗಳ ಮೇಲೆ ಮಾರ್ಕರ್‌ನಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ಬರೆದಿತ್ತು. ಆಗ ನಮ್ಮಂಥ ಊರಲ್ಲಿ ಅಸಲಿ ಆಟದ ಡಬ್ಬಿ ಕಣ್ಣಿಗೂ ಬೀಳುತ್ತಿರಲಿಲ್ಲ, ಬಿದ್ದಿದ್ದರೂ ಕೊಳ್ಳುವ ದುಡ್ಡಿರಲಿಲ್ಲ. ಕಾರಣ ಹೇಳಿದೆ ಅಷ್ಟೇ, ಸಮರ್ಥನೆ ಅಲ್ಲ. ದುಡಿಯೋಕೆ ಶುರು ಮಾಡಿದ ಮೇಲೆ ಅದನ್ನೇ ಎರಡು ಸಲ ದುಡ್ಡು ಕೊಟ್ಟು ಕೊಂಡಿದ್ದೇನೆ, ಕಂಪ್ಯೂಟರಿಗೆ ಒಂದು, ಫೋನಿಗೆ ಒಂದು. ಹಾಗಾಗಿ ಈಗ ಗಿರಾಕಿಯಾಗಿಯೇ ಮಾತಾಡುತ್ತಿದ್ದೇನೆ.

ನಾನು ಓದಿದ್ದು ಕನ್ನಡ ಮಾಧ್ಯಮ. ಈ ಆಟದಲ್ಲಿ ಕತ್ತಿ ಬೀಸುವುದಕ್ಕಿಂತ ಮಾತು ಜಾಸ್ತಿ. ಒಂದೊಂದು ಸಂಭಾಷಣೆ ಕಾಲು ಗಂಟೆ ನಡೆಯುತ್ತದೆ. ನೀವು ಏನು ಉತ್ತರ ಕೊಡುತ್ತೀರಿ ಅನ್ನುವುದರ ಮೇಲೆ ಜೊತೆಗಾರರು ಹತ್ತಿರ ಬರುತ್ತಾರೆ, ಇಲ್ಲ ದೂರ ಸರಿಯುತ್ತಾರೆ. ಮೊದಲ ಆಟದಲ್ಲಿ ಇದು ಇಷ್ಟು ಇರಲಿಲ್ಲ. 2003ರಲ್ಲಿ ಬಯೋವೇರ್ ಮಾಡಿದ ಆ ಆಟವೂ ಚೆನ್ನಾಗಿಯೇ ಇತ್ತು, ನೇರ ಕಥೆ, ಒಳ್ಳೆಯವರು ಕೆಟ್ಟವರು ಬೇರೆ ಬೇರೆ. ಎರಡನೆಯದನ್ನು ಮಾಡಿದ್ದು ಅಬ್ಸಿಡಿಯನ್ ಅನ್ನುವ ಹೊಸ ಕಂಪನಿ, ಪ್ರಕಟಿಸಿದ್ದು ಆಗಿನ ನಿಮ್ಮ ಲ್ಯೂಕಾಸ್‌ಆರ್ಟ್ಸ್. ಕ್ರಿಸ್ ಅವೆಲೋನ್ ಮುಖ್ಯ ವಿನ್ಯಾಸಕರಾಗಿದ್ದ ಆ ತಂಡ ಒಳ್ಳೆಯದು ಕೆಟ್ಟದ್ದು ಅನ್ನುವ ಆ ಗೆರೆಯನ್ನೇ ಹಿಡಿದು ಅಲ್ಲಾಡಿಸಿತು.

ಅಲ್ಲಾಡಿಸಿದ್ದು ಒಬ್ಬ ಮುದುಕಿಯ ಕೈಯಿಂದ. ಹೆಸರು ಕ್ರೇಯಾ. ಪೆರಾಗಸ್ ಅನ್ನುವ ಗಣಿ ನಿಲ್ದಾಣದ ಶವಾಗಾರದಲ್ಲಿ, ಸತ್ತಿದ್ದಾಳೆ ಅಂದುಕೊಂಡವಳು ಎದ್ದು ಕೂರುತ್ತಾಳೆ. ಅಲ್ಲಿಂದ ಆಟ ಮುಗಿಯುವವರೆಗೂ ಬೆನ್ನು ಬಿಡುವುದಿಲ್ಲ. ಅವಳಿಗೆ ದನಿ ಕೊಟ್ಟ ಸಾರಾ ಕೆಸ್ಟಲ್‌ಮನ್ ಅವರ ಮಾತಿನ ಧಾಟಿ ನಮ್ಮ ಮನೆಯ ಹಾಲ್‌ನಲ್ಲಿ ವಾರಗಟ್ಟಲೆ ಕೇಳಿಸುತ್ತಿತ್ತು. ನಮ್ಮಮ್ಮನಿಗೆ ಒಂದಕ್ಷರ ಇಂಗ್ಲಿಷ್ ಬರುವುದಿಲ್ಲ. ಒಂದು ದಿನ ಹುರುಳಿಕಾಯಿ ಸೋಸುತ್ತಾ ಕೂತಿದ್ದವರು ಕೇಳಿದರು, “ಆ ಅಜ್ಜಿ ಯಾರೋ? ನೀನು ಏನು ಮಾಡಿದ್ರೂ ಬೈತಾಳಲ್ಲ!” ಭಾಷೆ ಗೊತ್ತಿಲ್ಲದವರಿಗೂ ಪಾತ್ರ ಗೊತ್ತಾಗಿತ್ತು. ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಬರೆಯಲು ಬರುವುದಿಲ್ಲ.

ಅಮ್ಮ ಹೇಳಿದ್ದು ನಿಜ. ನಾರ್ ಶಡ್ಡಾ ಅನ್ನುವ ಕಡೆ ನಿರಾಶ್ರಿತರ ಓಣಿ ಬರುತ್ತದೆ. ಅಲ್ಲೊಬ್ಬ ಭಿಕ್ಷುಕ ಅಡ್ಡ ಬಂದು ಐದು ಕ್ರೆಡಿಟ್ ಕೇಳುತ್ತಾನೆ. ನಾನು ಕೊಟ್ಟೆ. ಐದೇ ಅಲ್ವಾ, ಜೇಬಲ್ಲಿ ಸಾವಿರಗಟ್ಟಲೆ ಇತ್ತು. ಕೊಟ್ಟು ಎರಡು ಹೆಜ್ಜೆ ಇಟ್ಟಿಲ್ಲ, ಕ್ರೇಯಾ ನಿಲ್ಲಿಸಿಕೊಂಡಳು. ಯಾಕೆ ಕೊಟ್ಟೆ? ದುಡಿಯದೆ ಸಿಕ್ಕಿದ್ದು ಕೈಯೊಳಗಿನ ಮರಳಿನ ಹಾಗೆ ಅಂದಳು. ಆಮೇಲೆ ಏನಾಗುತ್ತದೆ ಅಂತ ಕಣ್ಣ ಮುಂದೆಯೇ ತೋರಿಸಿದಳು. ಓಣಿಯ ತಿರುವಿನಲ್ಲಿ ಇನ್ನೊಬ್ಬ ಹಸಿದವನು ಆ ಭಿಕ್ಷುಕನನ್ನು ಹಿಡಿದು ಹೊಡೆಯುತ್ತಾನೆ. ಸರಿ, ಅಜ್ಜಿ ಹೇಳಿದ ಹಾಗೇ ಕೇಳೋಣ ಅಂತ ಹಳೆಯ ಸೇವ್ ತೆಗೆದು ಈ ಸಲ ಗದರಿಸಿ ಓಡಿಸಿದೆ. ಆಗಲೂ ಬೈದಳು! ಅವಮಾನ ತಿಂದ ಅವನು ಹೋಗಿ ತನಗಿಂತ ಬಡವನ ಮೇಲೆ ಕೈ ಮಾಡುವುದನ್ನು ತೋರಿಸಿದಳು.

ಆ ರಾತ್ರಿ ನನಗೆ ಸಿಟ್ಟು ಬಂದಿತ್ತು. ಇದೆಂಥ ಆಟ, ಎರಡೂ ತಪ್ಪು ಅಂದರೆ ಸರಿ ಯಾವುದು? ಇವತ್ತಿಗೂ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕೈ ಚಾಚಿದರೆ ಒಂದು ಕ್ಷಣ ಕ್ರೇಯಾ ನೆನಪಾಗುತ್ತಾಳೆ. ಕೊಡುತ್ತೇನೆ. ಆದರೆ ಕೊಟ್ಟು ತಿರುಗಿ ನೋಡುತ್ತೇನೆ.

ಇನ್ನೊಂದು ಜಾಗ ಹೇಳಲೇಬೇಕು. ಕೊರಿಬಾನ್ ಅನ್ನುವ ಗ್ರಹದ ಗುಹೆಯೊಳಗೆ ಒಂದು ಗೋರಿ ಇದೆ. ಅಲ್ಲಿ ನಿಮ್ಮ ಜೊತೆಗಾರರ ಮಾಯಾರೂಪಗಳು ಕ್ರೇಯಾಳನ್ನು ಸುತ್ತುವರಿದು, ಇವಳನ್ನು ಮುಗಿಸಬೇಕು ಅಂತ ನಿಲ್ಲುತ್ತವೆ. ಯಾವ ಕಡೆ ನಿಲ್ಲುತ್ತೀಯ ಹೇಳು ಅಂತ ಆಟ ಕೇಳುತ್ತದೆ. ನಾನು ಜಾಣತನ ಮಾಡಿ ಯಾವ ಕಡೆಯೂ ಬೇಡ ಅಂದೆ. ಎರಡೂ ಕಡೆಯವರು ಸೇರಿ ನನ್ನನ್ನೇ ಬಡಿದರು. ಅಲ್ಲಿ ಅವಳು ಹೇಳುವ ಮಾತಿನಲ್ಲಿ ‘ಅಪಥಿ’ ಅಂತ ಒಂದು ಪದ ಇತ್ತು, ಅದು ಸಾವು ಅಂತಾಳೆ. ಆಟ ನಿಲ್ಲಿಸಿ ನಿಘಂಟು ತೆಗೆದೆ. ಉದಾಸೀನ, ನಿರ್ಲಿಪ್ತತೆ ಅಂತಿತ್ತು. ನನಗೆ ತಲೆ ಕೆಟ್ಟಿತು. ನಮ್ಮಲ್ಲಿ ನಿರ್ಲಿಪ್ತತೆ ಅಂದರೆ ಕೈಮುಗಿಯುವ ಗುಣ, ತಾವರೆ ಎಲೆಯ ಮೇಲಿನ ನೀರಿನ ಹಾಗೆ ಇರು ಅಂತ ಹೇಳಿಕೊಟ್ಟು ಬೆಳೆಸಿದ್ದಾರೆ. ಜಗಳ ಬಂದರೆ ‘ಉದಾಸೀನವೇ ಮದ್ದು’ ಅಂತಾರೆ. ಈ ಅಜ್ಜಿ ನೋಡಿದರೆ ಅದೇ ಸಾವು ಅಂತಾಳೆ. ಒಂದು ಪದವನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಇವತ್ತು ಪ್ರೂಫ್ ನೋಡುವಾಗ ಒಂದು ಪದ ಸರಿಯೋ ಅಲ್ಲವೋ ಅಂತ ನಿಂತು ಯೋಚಿಸುತ್ತೇನಲ್ಲ, ಆ ಚಟ ಅಲ್ಲಿಂದ ಬಂದದ್ದು.

ಇಷ್ಟೆಲ್ಲ ಕೊಟ್ಟ ಆಟ ಕೊನೆಯಲ್ಲಿ ಏನು ಮಾಡಿತು ಅನ್ನುವುದೇ ನನ್ನ ದೂರು.

ಆಟದ ನಾಯಕ ಒಬ್ಬ ಗಡೀಪಾರಾದ ಜೆಡೈ, ಅಂದರೆ ಸ್ಟಾರ್ ವಾರ್ಸ್ ಲೋಕದ ಯೋಧ ಸಂನ್ಯಾಸಿ. ಹಿಂದೆ ಒಂದು ಯುದ್ಧದಲ್ಲಿ ಮ್ಯಾಲಕೋರ್ 5 ಅನ್ನುವ ಗ್ರಹದ ಹತ್ತಿರ ಇವನ ಅಪ್ಪಣೆಯ ಮೇಲೆ ಒಂದು ಯಂತ್ರ ಚಾಲೂ ಆಯಿತು, ಶತ್ರುಗಳ ಜೊತೆ ತನ್ನವರೂ ಸತ್ತರು. ಆ ಯಂತ್ರ ಕಟ್ಟಿದ ಬಾವೋ-ಡೂರ್ ಈಗ ಇವನದೇ ಹಡಗಿನಲ್ಲಿ ರಿಪೇರಿ ಕೆಲಸ ಮಾಡಿಕೊಂಡಿದ್ದಾನೆ. ಇಬ್ಬರೂ ಆ ವಿಷಯ ಎತ್ತುವುದು ಹೇಗೆ ಗೊತ್ತೇ? ಸಾವು ಆದ ಮನೆಯಲ್ಲಿ ಅಣ್ಣ ತಮ್ಮ ಮಾತಾಡುವ ಹಾಗೆ, ಅರ್ಧ ಹೇಳಿ ಅರ್ಧ ನುಂಗಿ. ಕಥೆ ಎಲ್ಲಾ ಸುತ್ತಿ ಕೊನೆಗೆ ಅದೇ ಮ್ಯಾಲಕೋರ್‌ಗೆ ಬಂದು ನಿಲ್ಲುತ್ತದೆ. ನಲವತ್ತು ಗಂಟೆ ಆಡಿದ್ದೆ. ಈಗ ಎಲ್ಲರ ಲೆಕ್ಕವೂ ಚುಕ್ತಾ ಆಗುತ್ತದೆ ಅಂತ ಕಾದಿದ್ದೆ.

ಹಡಗು ಬೀಳುತ್ತದೆ. ಜೊತೆಗಾರರು ಎಲ್ಲಿ ಹೋದರು ಅಂತ ಸರಿಯಾಗಿ ತಿಳಿಯುವುದಿಲ್ಲ. ನಾಯಕ ಒಬ್ಬನೇ ನಡೆಯುತ್ತಾನೆ. ಬಾವೋ-ಡೂರ್‌ನ ಆ ಪುಟ್ಟ ತೇಲುವ ಯಂತ್ರದ ಮುಂದೆ ಗೋಟೋ ಅನ್ನುವ ಇನ್ನೊಂದು ರೋಬೋ ಬಂದು ನಿಂತು ಬೆದರಿಸುತ್ತಾನೆ, ದೃಶ್ಯ ಅಲ್ಲಿಗೇ ಕಟ್. ಮುಂದೇನಾಯಿತು? ಗೊತ್ತಿಲ್ಲ. ಎಚ್‌ಕೆ-47 ಅನ್ನುವ ಕೊಲೆಗಡುಕ ರೋಬೋ ತನ್ನ ನಕಲಿಗಳನ್ನು ತಯಾರಿಸುವ ಕಾರ್ಖಾನೆ ಹುಡುಕಬೇಕು ಅಂತ ಇಡೀ ಆಟ ಗೊಣಗುತ್ತಿತ್ತು. ಆ ಕಾರ್ಖಾನೆಯೇ ಇಲ್ಲ. ಸಾಯುವ ಮುನ್ನ ಕ್ರೇಯಾ ಒಬ್ಬೊಬ್ಬರ ಭವಿಷ್ಯ ಹೇಳುತ್ತಾಳೆ, ಗಿಳಿಶಾಸ್ತ್ರದವನ ಹಾಗೆ. ಗ್ರಹ ಒಡೆಯುತ್ತದೆ, ಹಡಗು ಹಾರುತ್ತದೆ, ಹೆಸರುಗಳ ಪಟ್ಟಿ ಬರುತ್ತದೆ.

ನನಗೆ ಅನ್ನಿಸಿದ್ದು, ನಾಲ್ಕನೇ ಸಿಡಿ ಕೆಟ್ಟಿದೆ. ನಕಲಿ ಮಾಡುವಾಗ ಏನೋ ಬಿಟ್ಟುಹೋಗಿದೆ. ಮುಂದಿನ ತಿಂಗಳು ಬೆಂಗಳೂರಿಗೆ ಹೋದಾಗ ದೊಡ್ಡಪ್ಪನ ಮಗನನ್ನು ಕರೆದುಕೊಂಡು ಆ ಅಂಗಡಿ ಹುಡುಕಿ ಹೋಗಿ ಜಗಳವನ್ನೂ ಆಡಿದೆ. ಕಳ್ಳ ಮಾಲು ತಗೊಂಡು ಜಗಳಕ್ಕೆ ಹೋಗುವ ಧೈರ್ಯ ನೋಡಿ. ಅಂಗಡಿಯ ಹುಡುಗ ತಲೆ ಎತ್ತದೆ ಹೇಳಿದ, “ಬಾಸ್, ಒರಿಜಿನಲ್ಲೇ ಹಂಗೆ.”

ಹೌದು, ಒರಿಜಿನಲ್ಲೇ ಹಾಗೆ. ಅಬ್ಸಿಡಿಯನ್ ಶುರುವಾದದ್ದು 2003ರಲ್ಲಿ. ಆಟ ಎಕ್ಸ್‌ಬಾಕ್ಸ್ ಅನ್ನುವ ಆಟದ ಯಂತ್ರಕ್ಕೆ ಬಂದದ್ದು 2004ರ ಡಿಸೆಂಬರ್‌ನಲ್ಲಿ, ಕಂಪ್ಯೂಟರಿಗೆ 2005ರ ಫೆಬ್ರವರಿಯಲ್ಲಿ. ಇಷ್ಟು ದೊಡ್ಡ ಆಟಕ್ಕೆ ಒಂದೂವರೆ ವರ್ಷ ಎಲ್ಲಿಗೆ ಸಾಲುತ್ತದೆ? ಹಬ್ಬದ ಸೀಸನ್‌ಗೆ ಮಾರುಕಟ್ಟೆಗೆ ಬರಲೇಬೇಕಿತ್ತು. ಬರೆದದ್ದು, ದನಿ ಮುದ್ರಿಸಿದ್ದು, ಅರ್ಧ ಕಟ್ಟಿದ್ದು ಎಲ್ಲ ಬಿಟ್ಟು ಬಂತು.

ಇದನ್ನು ನಾನು ಬಯ್ಯುವುದಿಲ್ಲ. ಯಾಕೆಂದರೆ ಇದು ನನ್ನ ಕಸುಬಿನಲ್ಲೂ ಆಗುತ್ತದೆ. ಒಂದು ಸಲ ಒಂದು ಸಂಘದ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆ ಮಾಡುತ್ತಿದ್ದೆ. ಭಾನುವಾರ ಕಾರ್ಯಕ್ರಮ, ಬಿಡುಗಡೆಗೆ ಅತಿಥಿಗಳು ಗೊತ್ತಾಗಿದ್ದಾರೆ, ಪೆಂಡಾಲ್ ಹಾಕಿದ್ದಾರೆ. ಗುರುವಾರ ರಾತ್ರಿಯವರೆಗೂ ಲೇಖನಗಳು ಬರುತ್ತಲೇ ಇದ್ದವು. ಕೊನೆಯ ಹದಿನಾರು ಪುಟದ ಫಾರ್ಮು ಪ್ರೂಫ್ ನೋಡದೆ ಪ್ರೆಸ್ಸಿಗೆ ಹೋಯಿತು. ಸಂಘ ಕಟ್ಟಿದ ಹಿರಿಯರೊಬ್ಬರ ಲೇಖನ ಅರ್ಧ ವಾಕ್ಯಕ್ಕೆ ನಿಂತು, ಮುಂದಿನ ಪುಟದಲ್ಲಿ ರಸಗೊಬ್ಬರದ ಜಾಹೀರಾತು ಬಂತು. ಆ ಹಿರಿಯರು ವೇದಿಕೆಯ ಮೇಲೆ ಕೂತು ಪುಟ ತಿರುಗಿಸುತ್ತಿದ್ದದ್ದು, ಮತ್ತೆ ಹಿಂದಿನ ಪುಟಕ್ಕೆ ಹೋಗಿ ಬೆರಳಲ್ಲಿ ಸಾಲು ಹುಡುಕುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತಪ್ಪು ನನ್ನದೂ ಹೌದು, ಲೇಖನ ತಡವಾಗಿ ಕೊಟ್ಟವರದ್ದೂ ಹೌದು, ತಾರೀಖಿನದ್ದೂ ಹೌದು. ಆದರೆ ಮಾರನೇ ವಾರ ನಾನು ಸುಮ್ನೆ ಕೂರಲಿಲ್ಲ. ಬಿಟ್ಟುಹೋದ ಎರಡು ಪುಟ ಬೇರೆ ಮುದ್ರಿಸಿ, ಸಂಚಿಕೆಯೊಳಗೆ ಇಟ್ಟು ಕಳಿಸಿದೆ, ನನ್ನ ಖರ್ಚಿನಲ್ಲಿ.

ಗಡುವಿನ ಒತ್ತಡದಲ್ಲಿ ಮೊದಲ ಮುದ್ರಣ ಕೆಟ್ಟರೆ ಕ್ಷಮಿಸಬಹುದು. ನನ್ನ ತಕರಾರು ಎರಡನೇ, ಮೂರನೇ, ನಾಲ್ಕನೇ ಮುದ್ರಣದ ಬಗ್ಗೆ.

ಲೆಕ್ಕ ನೋಡಿ. 2015ರಲ್ಲಿ ಕಂಪ್ಯೂಟರ್ ಆವೃತ್ತಿಗೆ ದೊಡ್ಡ ಅಪ್‌ಡೇಟ್ ಬಂತು. ಅಗಲ ಪರದೆಗೆ ಸರಿಹೊಂದಿತು, ಮ್ಯಾಕ್ ಮತ್ತು ಲಿನಕ್ಸ್‌ಗೂ ಬಂತು. 2020ರ ಡಿಸೆಂಬರ್‌ನಲ್ಲಿ ಫೋನಿಗೆ ಬಂತು. 2022ರ ಜೂನ್‌ನಲ್ಲಿ ನಿಂಟೆಂಡೊ ಸ್ವಿಚ್ ಅನ್ನುವ ಆಟದ ಯಂತ್ರಕ್ಕೆ ಬಂತು. ಪ್ರತಿ ಸಲವೂ ಹೊಸ ರಕ್ಷಾಪುಟ, ಒಳಗೆ ಅದೇ ಬಿಟ್ಟುಹೋದ ಪುಟಗಳು. ಗೋಟೋ ಇನ್ನೂ ಅಲ್ಲೇ ನಿಂತಿದ್ದಾನೆ. ದೃಶ್ಯ ಇನ್ನೂ ಅಲ್ಲೇ ಕಟ್ ಆಗುತ್ತದೆ.

ಹಾಗಾದರೆ ಆ ಪುಟಗಳು ಸುಟ್ಟುಹೋಗಿದ್ದವೇ? ಇಲ್ಲ. ಅದೇ ಸಿಡಿಯಲ್ಲೇ ಇದ್ದವು! ಮುದ್ರಿಸಿದ ದನಿಗಳು, ಬರೆದ ಸಂಭಾಷಣೆ, ಅರ್ಧ ಕಟ್ಟಿದ ಜಾಗಗಳು ಎಲ್ಲ ಕಡತಗಳೊಳಗೆ ಬಿದ್ದಿದ್ದವು. ಅಭಿಮಾನಿಗಳು ಅವನ್ನು ಒಂದೊಂದಾಗಿ ಹೆಕ್ಕಿದರು. ಮೊದಲು ಒಂದು ತಂಡ ವರ್ಷಗಟ್ಟಲೆ ಒದ್ದಾಡಿ ಕೈಬಿಟ್ಟಿತು. ಇನ್ನೊಂದು ತಂಡ ಹಿಡಿದು, ‘ದಿ ಸಿತ್ ಲಾರ್ಡ್ಸ್ ರಿಸ್ಟೋರ್ಡ್ ಕಂಟೆಂಟ್ ಮಾಡ್’ ಅಂತ ಹೊರತಂದಿತು. ಮಾಡ್ ಅಂದರೆ ಆಟಕ್ಕೆ ಅಭಿಮಾನಿಗಳೇ ಮಾಡಿ ಜೋಡಿಸುವ ತಿದ್ದುಪಡಿ. ಯಾರಿಗೂ ಸಂಬಳ ಇಲ್ಲ. ಗ್ರಂಥಾಲಯದ ಪುಸ್ತಕದಲ್ಲಿ ಅಚ್ಚಿನ ತಪ್ಪನ್ನು ಪೆನ್ಸಿಲಿನಲ್ಲಿ ತಿದ್ದಿಟ್ಟು ಹೋಗುವ ಓದುಗರು ಇರುತ್ತಾರಲ್ಲ, ಅಂಥವರು. ಅವರು ಕಾರ್ಖಾನೆಯನ್ನು ತೆರೆದರು. ಎಚ್‌ಕೆ-47 ಅಲ್ಲಿಗೆ ಒಬ್ಬನೇ ಹೋಗುತ್ತಾನೆ, ಅವನನ್ನು ನಾವೇ ನಡೆಸಬೇಕು. ನಾನು ಅದನ್ನು ಮೊದಲ ಸಲ ಆಡಿದಾಗ ರಾತ್ರಿ ಒಂದು ಗಂಟೆ. ಅಷ್ಟು ವರ್ಷ ಗೊಣಗಿದ ರೋಬೋ ಕೊನೆಗೂ ಬಾಗಿಲು ದಾಟಿ ಒಳಗೆ ಹೋದಾಗ, ನಗು ಬಂತು, ಗಂಟಲೂ ಕಟ್ಟಿತು.

(ಅವರದೇ ಧಾಟಿಯಲ್ಲಿ ಬಂದ ಇನ್ನೊಂದು ಮಾಡ್, ರೋಬೋಗಳೇ ತುಂಬಿರುವ ಎಂ4-78 ಗ್ರಹವನ್ನೂ ಜೋಡಿಸುತ್ತದೆ. ಅದನ್ನೂ ಆಡಿದೆ. ನಿಜ ಹೇಳಬೇಕೆಂದರೆ ಆಕಳಿಕೆ ಬಂತು. ಆ ಗ್ರಹ ಬಿಟ್ಟುಹೋದದ್ದೇ ಒಳ್ಳೆಯದಾಯಿತು. ಬಿಟ್ಟುಹೋದದ್ದೆಲ್ಲ ಬಂಗಾರ ಅಂತ ನಾನು ಹೇಳುತ್ತಿಲ್ಲ.)

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. 2015ರ ಅಪ್‌ಡೇಟ್ ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಮಾಡ್‌ಗಳನ್ನು ಹಂಚುವ ವರ್ಕ್‌ಶಾಪ್‌ಗೆ ಬಾಗಿಲು ತೆರೆಯಿತು. ಅದಾದ ಮೇಲೆ ಆ ಮಾಡ್ ಹಾಕಿಕೊಳ್ಳಲು ಒಂದು ಗುಂಡಿ ಒತ್ತಿದರೆ ಸಾಕಾಯಿತು. ಅದಕ್ಕೆ ಅನುಮತಿ ಕೊಟ್ಟವರು ಯಾರೇ ಇರಲಿ, ಹಾಸನದಿಂದ ಒಂದು ಥ್ಯಾಂಕ್ಸ್. ಆದರೆ ಅದು ಕಂಪ್ಯೂಟರ್ ಇದ್ದವರಿಗೆ. ಸ್ವಿಚ್ ಹಿಡಿದುಕೊಂಡವರಿಗೆ ಏನಾಯಿತು ಅಂತ ನಿಮಗೂ ಗೊತ್ತು, ಇಡೀ ಲೋಕಕ್ಕೂ ಗೊತ್ತು. ಆಟವನ್ನು ಸ್ವಿಚ್‌ಗೆ ತಂದ ಕಂಪನಿ, ಬಿಟ್ಟುಹೋದ ಭಾಗಗಳನ್ನೂ ಉಚಿತವಾಗಿ ಕೊಡುತ್ತೇವೆ ಅಂತ ಮಾರುವಾಗಲೇ ಜಾಹೀರು ಮಾಡಿತು. ಬಿಡುಗಡೆಯಾದಾಗ ಆಟವನ್ನೇ ಪೂರ್ತಿ ಮುಗಿಸಲಾಗದ ಒಂದು ದೋಷ ಇತ್ತು, ಓಂಡರಾನ್ ಅನ್ನುವ ಗ್ರಹದಲ್ಲಿ ಒಂದು ದೃಶ್ಯ ಆದ ಮೇಲೆ ಮುಂದೆ ಹೋಗದೆ ನಿಂತುಬಿಡುತ್ತಿತ್ತು. ಅದನ್ನು ಆಮೇಲೆ ಸರಿ ಮಾಡಿದರು. ಉಳಿದ ಭಾಗಗಳಿಗಾಗಿ ಜನ ವರ್ಷ ಕಾದರು. 2023ರ ಜೂನ್‌ನಲ್ಲಿ, ಅದು ಬರುವುದಿಲ್ಲ, ಬದಲಿಗೆ ಬೇರೆ ಒಂದು ಆಟದ ಕೋಡ್ ಕೊಡುತ್ತೇವೆ ಅಂತ ಹೇಳಿದರು. ವಿಷಯ ಅಮೆರಿಕದ ಕೋರ್ಟ್ ಮೆಟ್ಟಿಲೂ ಹತ್ತಿತು.

ನನ್ನ ಹತ್ತಿರ ಸ್ವಿಚ್ ಇಲ್ಲ. ನನಗೆ ವೈಯಕ್ತಿಕವಾಗಿ ಒಂದು ಪೈಸೆ ನಷ್ಟ ಆಗಿಲ್ಲ. ಆದರೂ ಆ ದಿನ ಬೇಸರವಾಯಿತು. ದುಡ್ಡಿನ ಮಾತಲ್ಲ. ಮೊತ್ತಮೊದಲ ಸಲ ಯಾರೋ ಅಧಿಕೃತವಾಗಿ, ‘ಹೌದು, ಈ ಆಟದಲ್ಲಿ ಬಿಟ್ಟುಹೋದ ಪುಟಗಳಿವೆ, ಸೇರಿಸಿ ಕೊಡುತ್ತೇವೆ’ ಅಂದಿದ್ದರು. ಹಿಂದೆ ತೆಗೆದುಕೊಂಡಾಗ ಯಾಕೆ ಅಂತ ಒಂದು ಸಾಲು ಕೂಡ ಬಿಡಿಸಿ ಹೇಳಲಿಲ್ಲ. ಒಬ್ಬ ಗಿರಾಕಿಯ ಲಗ್ನಪತ್ರಿಕೆ ಹೊತ್ತಿಗೆ ಸರಿಯಾಗಿ ಕೊಡಲು ಆಗದಿದ್ದರೆ ನಾನು ಅವರ ಮನೆಗೆ ಹೋಗಿ ಕಾರಣ ಹೇಳಬೇಕು. ಹೇಳದಿದ್ದರೆ ಈ ಊರಲ್ಲಿ ಅಂಗಡಿ ಮುಚ್ಚಬೇಕಾಗುತ್ತದೆ.

ಈಗ ನನ್ನ ಕೋರಿಕೆಗೆ ಬರುತ್ತೇನೆ.

ಈ ಆಟವನ್ನು ಪೂರ್ತಿ ಮಾಡಿ ಒಂದು ಅಧಿಕೃತ ಆವೃತ್ತಿ ತನ್ನಿ. ಹೊಸದಾಗಿ ಏನೂ ಬರೆಯಬೇಕಾಗಿಲ್ಲ, ಹೊಸ ಚಿತ್ರಗಳೂ ಬೇಡ. ಪುಟಗಳು ಇವೆ, ಪ್ರೂಫ್ ನೋಡಿದವರೂ ಇದ್ದಾರೆ. ಅವರನ್ನು ಕರೆಸಿ, ಕಾಗದದ ಮೇಲೆ ಒಪ್ಪಂದ ಮಾಡಿಕೊಳ್ಳಿ, ಸಂಬಳ ಕೊಡಿ, ಕೊನೆಯ ಪಟ್ಟಿಯಲ್ಲಿ ಅವರ ಹೆಸರು ಹಾಕಿ. ಉಚಿತವಾಗಿ ಮಾಡಿದರಲ್ಲ ಅಂತ ಉಚಿತವಾಗಿಯೇ ತೆಗೆದುಕೊಳ್ಳಬೇಡಿ. ಹಕ್ಕಿನ ತೊಡಕು ಏನಾದರೂ ಇದ್ದರೆ, ಇದೆ ಅಂತಲೇ ಹೇಳಿ. ಕಾಯುವವರಿಗೆ ‘ಆಗಲ್ಲ’ ಅನ್ನುವುದಕ್ಕಿಂತ ‘ಇಂಥದ್ದಕ್ಕೆ ಆಗಲ್ಲ’ ಅನ್ನುವುದು ಎಷ್ಟೋ ವಾಸಿ.

2004ರ ಆವೃತ್ತಿಯನ್ನು ಮಾತ್ರ ಅಂಗಡಿಯಿಂದ ತೆಗೆಯಬೇಡಿ. ಕೆಟ್ಟ ಮುದ್ರಣವೂ ಮುದ್ರಣವೇ. ಏನು ಬಿಟ್ಟುಹೋಗಿತ್ತು ಅಂತ ಮುಂದಿನವರು ನೋಡಬೇಕಾದರೆ ಅದೂ ಇರಬೇಕು.

ಮೊದಲ ಆಟವನ್ನು ಹೊಸದಾಗಿ ಮಾಡುವ ಸುದ್ದಿ 2021ರ ಸೆಪ್ಟೆಂಬರ್‌ನಲ್ಲಿ ಬಂತು. ಅದು ಬರಲಿ, ಸಂತೋಷ. ಮುಂದೆ ಎರಡನೆಯದರ ಸರದಿ ಬಂದರೆ ಒಂದೇ ಮಾತು. ಪೆರಾಗಸ್ ನಿಧಾನ ಅಂತ ಕತ್ತರಿಸಬೇಡಿ, ಕ್ರೇಯಾ ಜಾಸ್ತಿ ಮಾತಾಡುತ್ತಾಳೆ ಅಂತ ಬಾಯಿ ಮುಚ್ಚಿಸಬೇಡಿ. ಪೆರಾಗಸ್ ನನಗೂ ಬೇಜಾರೇ, ಪ್ರತಿ ಸಲ ಬೈದುಕೊಂಡೇ ಆಡುತ್ತೇನೆ. ಆದರೆ ಆ ಖಾಲಿ ನಿಲ್ದಾಣದಲ್ಲಿ ಸತ್ತವರು ಬಿಟ್ಟುಹೋದ ದಾಖಲೆಗಳನ್ನು ಓದುತ್ತಾ ಒಬ್ಬನೇ ಓಡಾಡದಿದ್ದರೆ, ಆಮೇಲೆ ಜನ ಸಿಕ್ಕಾಗ ಅಷ್ಟು ಖುಷಿಯಾಗುತ್ತಿರಲಿಲ್ಲ.

ಕೊನೆಯ ಕೋರಿಕೆ ನನ್ನ ಭಾಷೆಯದು. ಇದರ ಹಿಂದೆ ಒಂದು ಸಣ್ಣ ಕಥೆ ಇದೆ.

ಈ ಆಟದ ಮಾತುಗಳೆಲ್ಲ ಒಂದೇ ಕಡತದಲ್ಲಿ ಕೂತಿವೆ. ಅದನ್ನು ಬಿಚ್ಚಿ ತಿದ್ದುವ ಸಾಧನಗಳನ್ನೂ ಅಭಿಮಾನಿಗಳೇ ಮಾಡಿದ್ದಾರೆ. ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದ್ದಾಗ, ಆ ಭಿಕ್ಷುಕನ ದೃಶ್ಯವನ್ನಾದರೂ ಕನ್ನಡಕ್ಕೆ ತರೋಣ, ಅಮ್ಮನಿಗೆ ತೋರಿಸೋಣ ಅಂತ ಕೂತೆ. ಅನುವಾದ ಎರಡು ಸಂಜೆಯ ಕೆಲಸ. ಅಕ್ಷರ ಮೂಡಿಸುವುದೇ ಎರಡು ತಿಂಗಳಾಯಿತು. ಆ ಆಟದಲ್ಲಿ ಅಕ್ಷರ ಅಂದರೆ ಒಂದು ಚಿತ್ರದ ಹಾಳೆ. ಹಾಳೆಯ ಮೇಲೆ ಚೌಕ ಚೌಕವಾಗಿ ಎ, ಬಿ, ಸಿ ಬರೆದಿರುತ್ತದೆ. ಒಂದು ಅಕ್ಷರಕ್ಕೆ ಒಂದು ಬೈಟ್, ಒಟ್ಟು 256 ಮನೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಮನೆ ಕೊಡುವ ಯೂನಿಕೋಡ್ ಅನ್ನುವ ಮಾತೇ ಇಲ್ಲ.

ನಾನು ಡಿಟಿಪಿಯವನು, ಹೆದರಲಿಲ್ಲ. ನಮ್ಮ ಹಳೆಯ ನುಡಿ ಫಾಂಟುಗಳೂ ಹೀಗೇ ತಾನೇ? ಯೂನಿಕೋಡ್ ಬರುವ ಮುಂಚೆ ಇಂಗ್ಲಿಷ್ ಅಕ್ಷರದ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿ, ಪಕ್ಕ ಪಕ್ಕ ಜೋಡಿಸಿ ಇಡೀ ಪುಸ್ತಕಗಳನ್ನು ಅಚ್ಚು ಹಾಕಿದ್ದೇವೆ. ಅದೇ ಉಪಾಯದಲ್ಲಿ ತಲಕಟ್ಟು, ಗುಡಿಸು, ಕೊಂಬು, ಎಲ್ಲದರ ತುಂಡುಗಳನ್ನು ಆ ಹಾಳೆಯ ಮೇಲೆ ಬರೆದೆ. ಕಾಗುಣಿತ ಬಂತು! ನಾರ್ ಶಡ್ಡಾದ ನೀಲಿ ಬೆಳಕಿನಲ್ಲಿ ‘ಕೊಡಿ’ ಅಂತ ಕನ್ನಡದಲ್ಲಿ ಮೂಡಿದಾಗ ಕುರ್ಚಿಯಿಂದ ಎದ್ದುಬಿಟ್ಟೆ.

ಸೋತದ್ದು ಒತ್ತಕ್ಷರದಲ್ಲಿ. ನುಡಿಯಲ್ಲಿ ಒತ್ತು ಅಕ್ಷರದ ಬುಡಕ್ಕೆ ನುಸುಳಿ ಕೂರುತ್ತದೆ. ಈ ಆಟದಲ್ಲಿ ನನಗೆ ಹಾಗೆ ಕೂರಿಸಲು ಆಗಲಿಲ್ಲ, ಪಕ್ಕದ ಚೌಕಕ್ಕೇ ಹೋಯಿತು. ಕೆಳಗೆ ಇಳಿಸಿದರೆ ಅರ್ಧ ಕತ್ತರಿಸಿಹೋಯಿತು. ‘ಅಣ್ಣ’ ಅಂತ ಬರೆದರೆ ಣ ಒಂದು ಕಡೆ, ಒತ್ತು ಒಂದು ಕಡೆ, ನಡುವೆ ಹಲ್ಲು ಬಿದ್ದ ಹಾಗೆ ಸಂದು. ಇಡೀ ಅಕ್ಷರವನ್ನೇ ಒಂದು ಮನೆಯಲ್ಲಿ ಕೂರಿಸೋಣ ಅಂದರೆ ಮನೆಗಳೆಲ್ಲ ಕಾಗುಣಿತಕ್ಕೇ ಭರ್ತಿ. ಒಬ್ಬ ಅಣ್ಣನಿಗೆ ಹೇಗೋ ಜಾಗ ಮಾಡಬಹುದು, ಆಮೇಲೆ ಬರುವವರಿಗೆಲ್ಲ ಎಲ್ಲಿಂದ ಮಾಡಲಿ?

ಆಗ ಗೊತ್ತಾಯಿತು, ಒತ್ತಕ್ಷರ ಇಲ್ಲದೆ ಕನ್ನಡದ ಭಿಕ್ಷುಕ ಬಾಯಿ ತೆರೆಯುವುದೇ ಕಷ್ಟ. ಅಣ್ಣಾ ಅನ್ನುವ ಹಾಗಿಲ್ಲ. ಅಪ್ಪಾ ಇಲ್ಲ, ಅಮ್ಮಾ ಇಲ್ಲ, ಅಕ್ಕಾ ಇಲ್ಲ, ಸ್ವಾಮಿ ಇಲ್ಲ. ಹೊಟ್ಟೆ ಇಲ್ಲ, ಅನ್ನ ಇಲ್ಲ, ಪುಣ್ಯವೂ ಇಲ್ಲ. ಕ್ರೆಡಿಟ್ ಅನ್ನುವುದರಲ್ಲೂ ಒತ್ತು. ತಾಯೀ ಅನ್ನಿಸಬಹುದಿತ್ತು, ನನ್ನ ನಾಯಕ ಗಂಡಸು. ಧಣೀ ಅಂದರೆ ಹಳೇ ನಾಟಕದ ಮಾತಾಯಿತು.

ಆದ್ದರಿಂದ ಮಾನ್ಯರೇ, ಮುಂದೆ ಈ ಆಟವನ್ನು ಯಾವ ಯಂತ್ರಕ್ಕೆ ತಂದರೂ ಅಕ್ಷರ ಮೂಡಿಸುವ ಆ ಹಳೆಯ ಪದ್ಧತಿ ಬಿಟ್ಟು ಯೂನಿಕೋಡ್ ಹಾಕಿ, ಮಾತಿನ ಕಡತ ತೆರೆದಿಡಿ. ಕನ್ನಡಕ್ಕೆ ನೀವೇ ಅನುವಾದ ಮಾಡಿ ಕೊಡಿ ಅಂತ ನಾನು ಕೇಳುತ್ತಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರೇ ನಾಲ್ಕು ಕೋಟಿಗೂ ಹೆಚ್ಚು ಜನ. ಆ ಕೆಲಸ ಮಾಡುವವರು ನಮ್ಮಲ್ಲೇ ಹುಟ್ಟಿಕೊಳ್ಳುತ್ತಾರೆ, ನಿಮ್ಮ ಬಾಗಿಲಿಗೆ ಬರುವುದಿಲ್ಲ. ತಮಿಳು, ಬಂಗಾಳಿ, ಥಾಯ್ ಮಾತಾಡುವವರಿಗೂ ಅದೇ ಬಾಗಿಲು ಸಾಕು.

ಅಮ್ಮನಿಗೆ ತೋರಿಸಿದೆ. ಪರದೆಯ ಮೇಲೆ ಇದ್ದದ್ದು ಇಷ್ಟೇ: “ಸಾರ್, ಐದು ಕಾಸು ಕೊಡಿ ಸಾರ್.” ಅಮ್ಮ ಕನ್ನಡಕ ಏರಿಸಿಕೊಂಡು ಓದಿದರು. “ಭಿಕ್ಷೆ ಬೇಡೋನು ಯಾರೋ ಸಾರ್ ಅಂತಾನೆ?” ಅಂದರು. ಆಮೇಲೆ, ಕೊಡು ಅಂದರು. ಕೊಟ್ಟೆ. ಕ್ರೇಯಾ ಬೈಯಲು ಶುರು ಮಾಡಿದಳು, ಇಂಗ್ಲಿಷ್‌ನಲ್ಲಿ. ಅವಳ ಮಾತಿಗೆ ಬೇಕಾಗುವಷ್ಟು ಒತ್ತಕ್ಷರ ನನ್ನ ಹತ್ತಿರ ಇರಲಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಹಾಸನದ ಒಬ್ಬ ಡಿಟಿಪಿ ಅಂಗಡಿಯವನು